ಬಾನಾಡಿಯ ಬಾಗಿಲು

"ಒಳಗೆ ಯಾರಾದರೂ ಇದ್ದೀರಾ?"

ಅಲ್ಲಾಲ್ ಗೋಡೆಯನ್ನು ಕೇಳಿದ. ನಿನ್ನೆಯೇ ಕೇಳಬೇಕಿತ್ತು. ಫೆಸ್ ಪಟ್ಟಣದ ಹಳೇ ಗೋಡೆಯಲ್ಲಿ ತೂತು ಮುಚ್ಚುವ ಮುಂಚೆ ತಟ್ಟಿ, ದೇವರ ಹೆಸರು ಹೇಳಿ, ಕಾಯಬೇಕು. ಹಾಜ್ ಮಕ್ಕಿ ಮೇಸ್ತ್ರಿ ಕಲಿಸಿದ ಮೊದಲ ಪಾಠವದು. ನಿನ್ನೆ ಅವಸರ. ಗಾರೆ ಕೆತ್ತನೆಯಲ್ಲಿ ಕೊನೆಯ ನಕ್ಷತ್ರವೊಂದೇ ಬಾಕಿ; ತಟ್ಟದೆಯೇ ತೂತು ಮುಚ್ಚಿ ಅದರ ಮೇಲೆ ಕೆತ್ತಿಬಿಟ್ಟಿದ್ದ. "ಅದು ನನಗೆ ಒಪ್ಪಿಗೆಯಾದರೆ ಬಂದು ಮಗಳನ್ನು ಕೇಳು" ಎಂದಿದ್ದರು ಮೇಸ್ತ್ರಿ.

ಆ ನಕ್ಷತ್ರದ ಹಿಂದೆ ಈಗ ಏನೋ ಪರಪರ ಕೆರೆಯುತ್ತಿತ್ತು.

"ಬತೂಲ್! ಒಳಗೆ ಜಿನ್ ಇದೆ ಕಣೇ!"

ಮೇಸ್ತ್ರಿಯ ಮಗಳು ಬತೂಲ್ ಕೆಳಗೆ ನಿಂತು ದುರ್ಬೀನಿನಲ್ಲಿ ಹಕ್ಕಿಗೂಡು ಹುಡುಕುತ್ತಿದ್ದಳು. ಊರಿನ ಹಕ್ಕಿ ಸಂಘದ ಕೆಲಸ. ನಕ್ಕಳು. "ಅಯ್ಯೋ ನನ್ನ ಶೂರ! ಗಡ್ಡ ಬಂತು, ಧೈರ್ಯ ಬರಲಿಲ್ಲ."

ಏಣಿ ಹತ್ತಿ ಅವನಿದ್ದ ಅಟ್ಟಣೆಗೆ ಬಂದು ಗೋಡೆಗೆ ಕಿವಿಯಿಟ್ಟಳು. ರೆಪ್ಪೆಯ ಮೇಲೆ ಗಾರೆಯ ಪುಡಿ ಕೂತಿತು. ಅವನು ನೋಡುತ್ತಲೇ ಇದ್ದ. ಅವಳ ನಗು ಆರಿಹೋಯಿತು.

"ಬಾನಾಡಿ ಮರಿ. ಅದಕ್ಕೇ ಆ ಹಕ್ಕಿ ಜೋಡಿ ಬೆಳಗಿನಿಂದ ಕಿರುಚುತ್ತಾ ಸುತ್ತುತ್ತಿದೆ. ಒಡೆಯದಿದ್ದರೆ ಸಾಯುತ್ತೆ, ಅಲ್ಲಾಲ್."

"ಒಡೆದರೆ ನೀನು ಸಿಗಲ್ಲ."

ಅಷ್ಟರಲ್ಲಿ ಏಣಿ ಕಿರುಗುಟ್ಟಿತು. ಹಾಜ್ ಮಕ್ಕಿ. ಒಳಗಿನ ಸದ್ದು ಅವರಿಗೂ ಕೇಳಿಸಿತು. ಬೀದಿಯತ್ತ ಇಣುಕಿದರು.

"ಕೆಲಸ ನೋಡಲು ಅಧಿಕಾರಿಗಳು ದಾರಿಯಲ್ಲಿದ್ದಾರೆ. ನೋಡಿಕೊಂಡು ಹೋಗಲಿ. ನಾಳೆ ಒಡೆದರಾಯ್ತು."

"ನಾಳೆಗೆ ಅದು ಇರಲ್ಲ, ಮೇಸ್ತ್ರಿ."

"ನಕ್ಷತ್ರ ಉದುರಿದರೆ ಮದುವೆ ಮಾತೂ ಉದುರಿತು ಅಂತ ತಿಳಿ."

ಅಲ್ಲಾಲ್ ಉಳಿ ಕೈಗೆತ್ತಿಕೊಂಡ. ಮೇಸ್ತ್ರಿಗೆ ಹೆದರುವುದೋ, ರೆಕ್ಕೆ ಕೊಟ್ಟವನಿಗೆ ಹೆದರುವುದೋ? ಬತೂಲ್‌ಳ ಕಣ್ಣು ನೋಡುವ ಧೈರ್ಯವಾಗಲಿಲ್ಲ.

"ಬಿಸ್ಮಿಲ್ಲಾ" ಎಂದು ಉಳಿ ಹೊಡೆದ.

ನಕ್ಷತ್ರ ಪುಡಿಪುಡಿಯಾಗಿ ಅವನ ಪಾದದ ಮೇಲೆ ಸುರಿಯಿತು. ಕತ್ತಲಲ್ಲಿ ಮಸಿ ಬಣ್ಣದ ಒಂದು ಜೀವ, ಮಿಣಮಿಣ ಎರಡು ಕಣ್ಣು. ಇಬ್ಬರೂ ಬಗ್ಗುವಷ್ಟರಲ್ಲಿ ತಾಯಿಹಕ್ಕಿ ಅವರ ಕೆನ್ನೆಗಳ ನಡುವೆ ಬಾಣದಂತೆ ತೂರಿ ಒಳಗೆ ನುಗ್ಗಿತು.

ಮೇಸ್ತ್ರಿಯ ಮುಖ ಕೆಂಪೇರಿತು. "ಬತೂಲ್, ಕೆಳಗಿಳಿ. ಇನ್ನು ಇವನ ಮುಖ ನೋಡಬೇಡ. ಮನೆಗೆ ನಡಿ."

ಅಪ್ಪನಿಗೆ ಎದುರಾಡಿದವಳಲ್ಲ ಅವಳು. ಅಲ್ಲಾಲ್ ಕಣ್ಣು ಮುಚ್ಚಿಕೊಂಡ. ಏಣಿಯ ಸದ್ದಿಗೆ ಕಾದ. ಸದ್ದು ಬರಲಿಲ್ಲ. ಗಾರೆ ಮೆತ್ತಿದ ಅವನ ಕೈಯ ಮೇಲೆ ಒಂದು ಕೈ ಬಂದು ಕೂತಿತು.

"ಇಲ್ಲ ಬಾಬಾ. ನಾನು ಬರಲ್ಲ."