ನಾಲ್ಕನೆಯ ಮೊಳೆ

“ಆ ಮೂಲೆಗೆ ಮಾತ್ರ ಮೊಳೆ ಹೊಡೀಬೇಡಿ ಸಾರ್. ಮೂರು ಉಂಟಲ್ಲ, ಸಾಕು,” ಎಂದು ಕಾವಲುಗಾರ ಮೊಯ್ದೀನ್ ಕುಂಞಿ ಹೇಳಿದಾಗ ಮಲಕಾಜಪ್ಪ ನಕ್ಕುಬಿಟ್ಟ. ಹದಿನೆಂಟು ವರ್ಷ ಸರ್ವೇ ಮಾಡಿದವನಿಗೆ ಮೂರೇ ಮೂಲೆ ಗುರುತು ಹಾಕಿ ಮನೆ ಅಳೆ ಎಂದರೆ ನಗು ಬಾರದೆ ಇನ್ನೇನು?

ಕೊಲ್ಲಿ ನಾಡಿನ ವಫ್ರಾದಲ್ಲಿ ತೋಟಗಳು ಮುಗಿದು ಬರೀ ಮರಳು ಶುರುವಾಗುವ ಕಡೆ, ದಿಬ್ಬದಡಿಯಲ್ಲಿ ಆ ಮನೆ ಸಿಕ್ಕಿತ್ತು. ಎಂಬತ್ತು ವರ್ಷದ ಹಿಂದೆ ಹಾರ್ಗ್ರೇವ್ ಎಂಬ ಇಂಗ್ಲಿಷ್ ದೊರೆ, ತನ್ನ ದೇಶದಲ್ಲಿದ್ದ ಮುತ್ತಜ್ಜನ ಬಂಗಲೆಯ ಪಡಿಯಚ್ಚಿನಂತೆ ಕಟ್ಟಿಸಿದ್ದು. ಇಟ್ಟಿಗೆ ಕೂಡ ಹಡಗಿನಲ್ಲಿ ಬಂದಿತ್ತಂತೆ. ತಲೆಯ ಮೇಲೆ ಮೊಟ್ಟೆ ಬೇಯುವ ಈ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳಲು ಪಡಸಾಲೆಯಲ್ಲೊಂದು ಬೆಂಕಿಗೂಡು ಬೇರೆ. ದೊರೆಗಳ ಶೋಕಿಗೆ ಮದ್ದಿಲ್ಲ. ಅಗೆಯುವ ತಂಡ ಅಡಿಪಾಯದವರೆಗೆ ಮರಳು ತೆಗೆದು, ನಕ್ಷೆ ಮಾಡಲು ಮಲಕಾಜಪ್ಪನನ್ನು ಕರೆಸಿತ್ತು.

ಮೊಯ್ದೀನ್ ಕುಂಞಿಯ ಅಜ್ಜ ಬಂಟ್ವಾಳದಿಂದ ಬಂದು ಇದೇ ಮನೆಯಲ್ಲಿ ಅಡುಗೆಗೆ ಇದ್ದವನು. ದೊರೆಯ ಪುಟ್ಟ ಮಗಳು ಜ್ವರದಲ್ಲಿ ತೀರಿಕೊಂಡಳಂತೆ. ಸಂಕಟ ತಾಳಲಾರದೆ ದೊರೆ ಎಲ್ಲಿಂದಲೋ ಒಬ್ಬ ಮಾಟಗಾರನನ್ನು ಕರೆಸಿ, ಮನೆಯೊಳಗೆ ದುಃಖವೇ ಇರಕೂಡದೆಂದು ನಾಲ್ಕು ಮೂಲೆಗೂ ಮಂತ್ರಿಸಿದ ಮೊಳೆ ಹೊಡೆಸಿದ. ದುಃಖ ಹೋಯಿತು. ಅದರ ಹಿಂದೆಯೇ ಮಮತೆ ಹೋಯಿತು. ಕೊನೆಗೆ ಹಸಿವೂ ಹೋಗಿ ಮನೆಯವರು ಕುಳಿತಲ್ಲೇ ಒಣಗಿದರು. ಅಜ್ಜ ಒಬ್ಬನೇ ಒಂದು ಮೊಳೆ ಕಿತ್ತು ಹೊರಗೆ ಬಂದ. ಆದರೆ ಕಿತ್ತವನ ಅಂತಃಕರಣ ಆ ಮನೆಗೇ ಸೇರುತ್ತದೆ. ಊರಿಗೆ ಮರಳಿದ ಮೇಲೆ, ತೀರಿಕೊಂಡ ದೊಡ್ಡ ಮಗನ ಮಯ್ಯತ್ತು ಅಂಗಳದಲ್ಲಿರುವಾಗ ಅಜ್ಜ “ಊಟಕ್ಕೆ ಹೊತ್ತಾಗ್ಲಿಲ್ವಾ?” ಎಂದು ಕೇಳಿದ್ದನಂತೆ.

“ಚಿಂತಿ ಇಲ್ಲದ ಮನಷ್ಯಾ. ಪುಣ್ಯವಂತ ನೋಡ್ರಿ ಕಾಕಾ,” ಎಂದ ಮಲಕಾಜಪ್ಪ.

ಅವನಿಗೆ ಕತೆ ಕೇಳುವ ಪುರುಸೊತ್ತಿರಲಿಲ್ಲ. ಕೆಲಸ ಇವತ್ತೇ ಮುಗಿಯಬೇಕು. ನಾಳೆ ಮಧ್ಯಾಹ್ನದ ವಿಮಾನಕ್ಕೆ ಹೆಂಡತಿ ಅನ್ನಪೂರ್ಣೆವ್ವ, ಮಗಳು ಶೈಲಾ ಬರುತ್ತಿದ್ದರು. ನಾಲ್ಕು ವರ್ಷದ ಮೇಲೆ ವೀಸಾ ಸಿಕ್ಕಿತ್ತು. ಸಮುದ್ರ ಕಾಣಲೆಂದೇ ಫಿಂಟಾಸ್‌ನಲ್ಲಿ ಮನೆ ಹಿಡಿದಿದ್ದ. “ಅಪ್ಪಾ, ಸಮುದ್ರ ಎಲ್ಲಿಂದ ಚಾಲೂ ಆಗ್ತದ, ತೋರಸ್ತೀ?” ಎಂದು ಮಗಳು ಕಳಿಸಿದ್ದ ದನಿಯನ್ನು ಫೋನಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಪ್ರತಿ ಸಲವೂ ಕಣ್ಣು ತೇವವಾಗುತ್ತಿತ್ತು. ಧೂಳು ಎಂದು ಸುಳ್ಳು ಹೇಳುತ್ತಿದ್ದ.

ಮೂರು ಮೂಲೆಗಳಲ್ಲಿ ತುಕ್ಕು ಹಿಡಿದ ಮೊಳೆಗಳಿದ್ದವು. ಹಿಂದೆ ಯಾವನೋ ಸರ್ವೆಯವನು ಹೊಡೆದ ಗುರುತು ಎಂದೇ ಅವನು ಎಣಿಸಿದ. ನಾಲ್ಕನೆಯದರಲ್ಲಿ ಬರೀ ತೂತು. ಗುರುತು ಹಾಕದೆ ಮೂಲೆ ಬಿಟ್ಟರೆ ಕೈಗೆ ಕೆಲಸ ಒಗ್ಗುವುದಿಲ್ಲ. ಹೊರಗಡೆ ಮರಳು ರಾಶಿ ಬಿದ್ದಿದ್ದರಿಂದ ಗೋಡೆಯ ಒಳಗಡೆ ನಿಂತು, ತನ್ನ ಚೀಲದ ಉಕ್ಕಿನ ಮೊಳೆಯನ್ನು ಆ ತೂತಿಗಿಟ್ಟು ಸುತ್ತಿಗೆಯಿಂದ ಹೊಡೆದ.

ನಾಲ್ಕನೆಯ ಏಟಿಗೆ ಗಾಳಿ ನಿಂತಿತು.

ದಕ್ಷಿಣದಿಂದ ಧೂಳು ಎದ್ದು ಬಂತು. ಮೂರು ಗಂಟೆಯ ಬಿಸಿಲು ಕಂದಾಗಿ, ಕೆಂಪಾಗಿ, ಕಪ್ಪಾಯಿತು. ಧೂಳಿಗೆ ಧೂಳಿನ ವಾಸನೆಯಿರಲಿಲ್ಲ. ಕಲ್ಲಿದ್ದಲ ಹೊಗೆ, ನೆನೆದ ಹುಲ್ಲು, ಜ್ವರ ಬಂದ ಕೂಸಿನ ಹಾಸಿಗೆ. ಹಿಂದೆ ಬೆಂಕಿಗೂಡಿನಲ್ಲಿ ಏನೋ ಚಟಪಟ ಉರಿಯಿತು. ಮಲಕಾಜಪ್ಪ ಮೊಣಕಾಲೆತ್ತರದ ಗೋಡೆ ದಾಟಿದ. ಕಾಲಿಟ್ಟದ್ದು ಬೆಂಕಿಗೂಡಿನ ಮುಂದೆ. ಮತ್ತೆ ದಾಟಿದ. ಮತ್ತೆ ಬೆಂಕಿಗೂಡು. ಓಡಿದ. ಅದೇ ಗೂಡು. ಪಾದಕ್ಕೆ ಜೋಮು ಹಿಡಿಯಿತು. ಮೊಣಕಾಲಿಗೆ ಏರಿತು. ಸೊಂಟಕ್ಕೆ ಏರಿತು. ಕೂಗಿದ. ತನ್ನ ದನಿ ಪಕ್ಕದ ಮನೆಯವರದೆಂಬಂತೆ ಕೇಳಿಸಿತು.

ಗೋಡೆಯಾಚೆ ಮೊಯ್ದೀನ್ ಕುಂಞಿ ನಿಂತಿದ್ದ.

“ಮೊಳೆ ಕೀಳಿ ಸಾರ್. ಬೇರೆ ದಾರಿಯೇ ಇಲ್ಲ.”

“ನೀವು ಹೊರಗಿಂದ ಕೀಳ್ರಿ ಕಾಕಾ.”

“ಕಿತ್ತರೆ ನಾನೂ ಅಜ್ಜನ ಹಾಗೇ ಆಗ್ತೇನೆ. ನನಗೂ ಮಕ್ಕಳುಂಟು ಮಾರಾಯ್ರೆ.”

ಮಲಕಾಜಪ್ಪ ಮೊಳೆಗೆ ಕೈ ಹಾಕಿದ. ತಣ್ಣಗಿತ್ತು. ಜೋಮು ಎದೆಯ ಹತ್ತಿರ ಬಂದಿತ್ತು. ಕೀಳದಿದ್ದರೆ ಇಲ್ಲೇ ಕುಳಿತು ಒಣಗಬೇಕು. ಕಿತ್ತರೆ ಬದುಕಬಹುದು.

“ನಾಳೆ ನನ್ನ ಹುಡುಗಿ ಬರ್ತಾಳ್ರಿ ಕಾಕಾ,” ಎಂದ. ಆಮೇಲೆ ಕಿತ್ತ.

ಧೂಳು ಇಳಿಯಿತು. ಕಾಲಿಗೆ ಜೀವ ಬಂತು. ಎದೆಗೆ ಬರಲಿಲ್ಲ. ಪಿಕಪ್‌ನಲ್ಲಿ ಕುಳಿತು ಫೋನು ತೆಗೆದು ಮಗಳ ದನಿ ಹಾಕಿದ. ಹುಡುಗಿಯೊಬ್ಬಳು ಸಮುದ್ರದ ವಿಷಯ ಕೇಳುತ್ತಿದ್ದಳು. ಸೌಂಡ್ ಕಡಿಮೆಯಾಯಿತೇನೋ ಎಂದು ಪೂರ್ತಿ ಏರಿಸಿ ಮತ್ತೊಮ್ಮೆ ಕೇಳಿದ. ಪಕ್ಕದಲ್ಲಿ ಮೊಯ್ದೀನ್ ಕುಂಞಿ ಅಳುತ್ತಿದ್ದ. ಇವನ್ಯಾಕೆ ಅಳುತ್ತಾನೆಂದು ಮಲಕಾಜಪ್ಪನಿಗೆ ಅರ್ಥವಾಗಲಿಲ್ಲ.

ಮರುದಿನ ವಿಮಾನ ನಿಲ್ದಾಣದಲ್ಲಿ ಶೈಲಾ ದೂರದಿಂದಲೇ ಗುರುತು ಹಿಡಿದು ಓಡಿ ಬಂದು ಅವನ ಸೊಂಟ ತಬ್ಬಿಕೊಂಡಳು. ಉದ್ದವಾಗಿದ್ದಳು, ಮುಂದಿನ ಹಲ್ಲೊಂದು ಬಿದ್ದಿತ್ತು. ಇಲ್ಲಿ ತಾನು ಏನೋ ಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು. ಏನೆಂಬುದು ಮಾತ್ರ ತೋಚಲಿಲ್ಲ. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೇಳಿದ.

“ಊಟಕ್ಕ ಹೊತ್ತಾಗಲಿಲ್ಲೇನು?”

ಅನ್ನಪೂರ್ಣೆವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಮಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಹುಡುಗಿ ಅವ್ವನ ಸೆರಗು ಹಿಡಿದು ಪಿಸುಗುಟ್ಟಿದಳು.

“ಅವ್ವಾ, ಅಪ್ಪ ಯಾವಾಗ ಬರ್ತಾನ?”

ಮಲಕಾಜಪ್ಪ ಟ್ರಾಲಿ ತಳ್ಳಿಕೊಂಡು ಮುಂದೆ ಹೋಗಿದ್ದ.