ಸೊಣ್ಣಜ್ಜಿ ಫೋನಿಟ್ಟ ಮೇಲೆ

ನಗಿಸಿ ಹೊಟ್ಟೆ ಹೊರೆಯುವವನ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ. ಆದರೆ ದೊಡ್ಡಬಳ್ಳಾಪುರದ ಚೌಡೇಶನ ಈ ಕಥೆಯನ್ನು ಮಾತ್ರ ನಂಬಬೇಕು. ಇದಕ್ಕೆ ಹನ್ನೆರಡು ಮಗ್ಗಗಳು ಸಾಕ್ಷಿ. ಅವತ್ತು ಹನ್ನೆರಡೂ ಉಸಿರು ಬಿಗಿಹಿಡಿದು ನಿಂತಿದ್ದವು.

ಚೌಡೇಶ ರೇಡಿಯೋದಲ್ಲಿ ಅಜ್ಜಿ, ಟೀವಿಯಲ್ಲಿ ಮದುವೆ ಬ್ರೋಕರ್. ಶುಕ್ರವಾರ ಬೆಳಿಗ್ಗೆ ಎಫ್ಎಂನಲ್ಲಿ ಸೊಣ್ಣಜ್ಜಿಯಾಗಿ ಯಾರಿಗೋ ಫೋನ್ ಮಾಡಿ, ತನ್ನ ಮೊಮ್ಮಗನಿಗೆ ಹೆಣ್ಣು ಕೊಡಿ ಎಂದು ಗಂಟುಬೀಳುತ್ತಿದ್ದ. ಸಂಜೆಯ ಧಾರಾವಾಹಿಯಲ್ಲಿ ಕಂಕುಳಲ್ಲಿ ಛತ್ರಿ ಸಿಕ್ಕಿಸಿಕೊಂಡ ಬ್ರೋಕರ್ ಪಾಪಯ್ಯ. ಹೀಗೆ ಊರವರಿಗೆಲ್ಲ ಸಂಬಂಧ ಹುಡುಕುತ್ತಿದ್ದವನಿಗೆ ತನ್ನದೇ ಬೀದಿಯ ಅನಿತಳನ್ನು ಒಂದು ಮಾತು ಕೇಳಲು ಐದು ವರ್ಷದಿಂದ ಬಾಯಿ ಬಂದಿರಲಿಲ್ಲ.

ಅನಿತ ತನ್ನ ಅಪ್ಪ ಲಕ್ಷ್ಮಣಪ್ಪನ ಶೆಡ್ಡಿನಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಪವರ್‌ಲೂಮ್ ಓಡುವಾಗ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಮಗ್ಗದವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಚೌಡೇಶ ಕಿಟಕಿಯ ಆಚೆ ಹಾದುಹೋದರೆ ಅನಿತಳ ಮಗ್ಗದಲ್ಲಿ ಅದೇ ಹೊತ್ತಿಗೆ ಎಳೆ ತುಂಡಾಗುತ್ತಿತ್ತು. ಗಂಟು ಹಾಕುವ ನೆಪದಲ್ಲಿ ಬಗ್ಗಿ, ರೆಪ್ಪೆಯಡಿಯಿಂದ ನೋಡಿ, ತುಟಿಯಲ್ಲೇ ‘ಟೀ?’ ಎನ್ನುತ್ತಿದ್ದಳು. ಅವನು ಅಲ್ಲಿಂದಲೇ ಬ್ರೋಕರನಂತೆ ಕೈಮುಗಿಯುತ್ತಿದ್ದ. ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ದಿನಕ್ಕೆ ಅಷ್ಟು ಸಾಕಿತ್ತು ಅವನಿಗೆ.

ಆ ಸದ್ದಿನಲ್ಲಿ ರೇಡಿಯೋ ಹಾಕುವವರು ಯಾರು? ಗೋಡೆಗೆ ಒಂದು ಟೀವಿ ಇತ್ತು, ಮೂಕ ಟೀವಿ. ಧಾರಾವಾಹಿಯ ಮರುಪ್ರಸಾರವನ್ನು ಶೆಡ್ಡಿನವರು ತುಟಿ ನೋಡಿಯೇ ನೋಡುತ್ತಿದ್ದರು. ಹೀಗಾಗಿ ಚೌಡೇಶನ ಬಾಯಿಯ ಪ್ರತಿಯೊಂದು ಸೊಟ್ಟವೂ ಅನಿತಳಿಗೆ ಗೊತ್ತಿತ್ತು. ಸೊಣ್ಣಜ್ಜಿಯ ದನಿ ಮಾತ್ರ ಅವಳು ಕೇಳಿಯೇ ಇರಲಿಲ್ಲ.

ಎಡವಟ್ಟಾದದ್ದು ಅಲ್ಲೇ. ಒಂದು ಗುರುವಾರ, ಮರುದಿನದ ಕಾರ್ಯಕ್ರಮದ ರೆಕಾರ್ಡಿಂಗಿಗೆ ಗೊತ್ತುಮಾಡಿದ್ದವರು ಫೋನೇ ಎತ್ತಲಿಲ್ಲ. ನಗಿಸೋಣವೆಂದು ಚೌಡೇಶ ಪ್ರೊಡ್ಯೂಸರನಿಗೆ ಅನಿತಳ ನಂಬರ್ ಕೊಟ್ಟ. ಅವಳು ಶೆಡ್ಡಿನಿಂದ ಹೊರಬಂದು ಬೇವಿನ ಮರದಡಿ ನಿಂತು ಮಾತಾಡಿದಳು.

“ನನ್ ಮೊಮ್ಮಗನ್ನ ಒಪ್ಕಳವ್ವಾ,” ಎಂದಳು ಸೊಣ್ಣಜ್ಜಿ. “ಹಲ್ಲು ಒಸಿ ಮುಂದಕ್ಕೆ ಬಂದವೆ, ಬುದ್ಧಿ ಒಸಿ ಹಿಂದಕ್ಕೆ ಉಳ್ಕಂಡದೆ, ಅಷ್ಟೇಯ.”

ಅನಿತ ನಕ್ಕಳು. ಯಾರೋ ನಂಬರ್ ತಪ್ಪಿದ ಮುದುಕಿ ಎಂದುಕೊಂಡು ಮೆಲ್ಲಗೆ ಹೇಳಿದಳು: “ಭಾನುವಾರ ವಿಜಯಪುರದ ಕಡೆಯೋರು ನನ್ನ ನೋಡೋಕೆ ಬರ್ತಾವ್ರೆ ಅಜ್ಜಿ. ಆದ್ರೆ ನಮ್ ಬೀದೀಲೇ ಒಬ್ಬ ಅವ್ನೆ. ಊರೋರ್ ಥರಾ ಎಲ್ಲಾ ಮಾತಾಡ್ತಾನೆ, ಅವನ ಥರಾ ಮಾತ್ರ ಮಾತಾಡಲ್ಲ. ಒಂದ್ಸಲ ಅವನದೇ ಗಂಟಲಲ್ಲಿ ಬಾ ಅಂದ್ರೆ ಹೋಗ್ಬಿಡ್ತೀನಿ.”

ಆಗಲೇ ‘ನಾನು ಕಣೇ’ ಎನ್ನಬಹುದಿತ್ತು. ಅನ್ನಲಿಲ್ಲ. ಮುಂದೇನು ಹೇಳುತ್ತಾಳೋ ಕೇಳುವ ಆಸೆಯೇ ಗೆದ್ದಿತು. ಫೋನಿಟ್ಟ ಮೇಲೆ ಪ್ರೊಡ್ಯೂಸರ್ ಕಣ್ಣೊರೆಸಿಕೊಳ್ಳುತ್ತ, ಹೆಸರು ತೆಗೆದು ಪ್ರಸಾರ ಮಾಡೋಣವಾ ಎಂದು ಕೇಳಿದ. ಚೌಡೇಶ ತಲೆಯಾಡಿಸಿದ. ಆ ಒಂದು ತಲೆಯಾಡಿಸಿದ್ದಕ್ಕೆ ಮುಂದೆ ಅವನು ತನ್ನ ತಲೆಯನ್ನು ಎಷ್ಟು ಸಲ ಚಚ್ಚಿಕೊಂಡನೋ.

ಹೆಸರು ತೆಗೆದರೆ ದನಿ ಹೋಗುತ್ತದೆಯೇ? ಶುಕ್ರವಾರ ಮಧ್ಯಾಹ್ನಕ್ಕೆ ಊರಿನ ಮೊಬೈಲುಗಳಲ್ಲೆಲ್ಲ ಅನಿತ. ವಿಜಯಪುರದವರು ಅದನ್ನೇ ಲಕ್ಷ್ಮಣಪ್ಪನಿಗೆ ಕಳಿಸಿ, ಬರುವುದಿಲ್ಲ ಎಂದರು. ಅವಳ ಅಮ್ಮ ಆದಿಲಕ್ಷ್ಮಮ್ಮ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟರು. ಕಿಟಕಿಯ ಬಳಿ ಎಳೆ ತುಂಡಾಗುವುದೂ ನಿಂತಿತು.

ಚೌಡೇಶ ಕ್ಷಮೆ ಕೇಳಲು ಬಾಗಿಲಿಗೆ ಹೋದ. ಅನಿತ ಹೊಸ್ತಿಲಲ್ಲಿ ನಿಂತಳು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಅವಳ ಹೆಸರು ಹಿಡಿದು ಕರೆಯಬೇಕೆಂದು ಬಾಯಿ ತೆರೆದರೆ, ಹೆದರಿಕೆಯಲ್ಲಿ ಅಭ್ಯಾಸಬಲದಿಂದ ಸೊಣ್ಣಜ್ಜಿಯ ನಡುಗುದನಿ ಹೊರಬಿತ್ತು.

“ಈಗ್ಲೂ ಅಜ್ಜೀನೇ ಕಳಿಸಿದ್ದೀಯಲ್ಲ ಚೌಡೇಶ,” ಎಂದಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಸದ್ದು ಮಾಡಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅವನು ಎಫ್ಎಂ ಸ್ಟೇಷನ್ನಿಗೆ ಹೋಗಿ ಆ ಧ್ವನಿಮುದ್ರಿಕೆ ತೆಗೆಸಿದ. ಇನ್ನು ಸೊಣ್ಣಜ್ಜಿ ಮಾಡುವುದಿಲ್ಲ, ಬೇಕಾದರೆ ನನ್ನ ದನಿಯಲ್ಲೇ ಏನಾದರೂ ಮಾಡುತ್ತೇನೆ ಎಂದ. “ನಿನ್ ಸ್ವಂತ ದನೀನ ಯಾರಪ್ಪಾ ಕೇಳ್ತಾರೆ?” ಎಂದು ಪ್ರೊಡ್ಯೂಸರ್ ನಿಜವಾದ ಕುತೂಹಲದಿಂದಲೇ ಕೇಳಿದ. ಬಸ್ಸಿನಲ್ಲಿ ಮನೆಗೆ ಬರುವಾಗ ಚೌಡೇಶ ಕಿಟಕಿಗೆ ಮುಖ ಒತ್ತಿ ‘ಅನಿತ’ ಎಂದು ಅಂದುನೋಡಿದ. ಒಮ್ಮೆ ಬ್ರೋಕರ್ ಬಂದ, ಒಮ್ಮೆ ಅಜ್ಜಿ ಬಂದಳು, ಒಮ್ಮೆ ಕಂಡಕ್ಟರೂ ಬಂದ. ತಾನು ಮಾತ್ರ ಬರಲಿಲ್ಲ. ರಾಜಾನುಕುಂಟೆ ದಾಟುವಷ್ಟರಲ್ಲಿ ಅವನಿಗೆ ಅಳು ಬಂತು. ಅದು ಯಾರ ಅಳುವಿನಂತೆಯೂ ಇರಲಿಲ್ಲ ಎಂಬುದನ್ನು ಆಗ ಅವನು ಗಮನಿಸಲಿಲ್ಲ.

ಮುಂದಿನ ವಾರ ಧಾರಾವಾಹಿಯಲ್ಲಿ ಮದುವೆಯ ದೃಶ್ಯ. ಹಿಂದಿನ ಸಾಲಿನಲ್ಲಿ ನಿಂತು ಅಕ್ಷತೆ ಹಾಕುವುದಷ್ಟೇ ಬ್ರೋಕರನ ಕೆಲಸ. ಮಾತಿಲ್ಲ, ಬರೀ ಓಲಗ. ಎಲ್ಲರೂ ಸುಮ್ಮನೆ ಬಾಯಾಡಿಸಬೇಕು. ಕ್ಯಾಮೆರಾ ತನ್ನ ಕಡೆ ತಿರುಗಿದಾಗ ಚೌಡೇಶ ಅಕ್ಷತೆ ಹಿಡಿದು, ತುಟಿ ಬಿಡಿಸಿ, ನಿಧಾನವಾಗಿ ಹೇಳಿದ: ‘ಅನಿತ, ತಪ್ಪಾಯ್ತು. ನಾನೇ ಬರ್ತೀನಿ. ಕರೆದ್ರೆ.’

ರಾಜ್ಯಕ್ಕೆಲ್ಲ ಓಲಗ ಕೇಳಿಸಿತು. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಿಗೆ ಮಾತ್ರ ಅವನ ಮಾತು ಕಾಣಿಸಿತು.

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಆದಿಲಕ್ಷ್ಮಮ್ಮ ಫೋನ್ ಮಾಡಿ, ಹನ್ನೊಂದಕ್ಕೆ ಶೆಡ್ಡಿಗೆ ಬರಬೇಕಂತೆ, ಅನಿತಳ ಅಪ್ಪ ಕರೀತಿದ್ದಾರೆ ಎಂದಷ್ಟೇ ಹೇಳಿ ಇಟ್ಟರು.

ಚೌಡೇಶ ಹೋದ. ಹನ್ನೆರಡೂ ಮಗ್ಗ ಭೋರೆನ್ನುತ್ತಿದ್ದವು. ಲಕ್ಷ್ಮಣಪ್ಪ ಮೂಲೆಯ ಮಗ್ಗದಿಂದ ತಲೆ ಎತ್ತಲಿಲ್ಲ. ಕೆಲಸದವರೆಲ್ಲ ಎಂದಿಲ್ಲದ ಶ್ರದ್ಧೆಯಿಂದ ಲಾಳಿಯನ್ನೇ ನೋಡುತ್ತಿದ್ದರು. ಅನಿತ ಗೋಡೆಗೊರಗಿ, ಒಂದು ಕೈ ಬೆನ್ನ ಹಿಂದಿಟ್ಟು ನಿಂತಿದ್ದಳು. ಕೂದಲಿಗೆ ಹತ್ತಿಯ ಧೂಳು ಅಂಟಿತ್ತು. ‘ಏನು?’ ಎಂದಿತು ಹುಬ್ಬು.

“ನಿನ್ನ ಮದ್ವೆ ಆಗ್ಬೇಕು ಅಂತ,” ಎಂದ. ಯಾವ ದನಿಯಲ್ಲಿ ಬಂತೋ, ಅವನಿಗೇ ಕೇಳಿಸಲಿಲ್ಲ.

ಅವಳು ಕಿವಿಗೆ ಕೈ ಇಟ್ಟಳು. ಇನ್ನೂ ಜೋರಾಗಿ ಹೇಳಿದ. ಅವಳು ತಲೆಯಲ್ಲಾಡಿಸಿ, ಅಯ್ಯೋ ಪಾಪ ಎನ್ನುವಂತೆ ತುಟಿ ಕಚ್ಚಿದಳು. ಮಗ್ಗದ ಹುಡುಗಿಗೆ ಕೂಗಿ ಹೇಳಬೇಕಾಗಿಲ್ಲ ಎಂಬುದು ಮಗ್ಗದ ಮನೆಯಲ್ಲೇ ಹುಟ್ಟಿದ ಚೌಡೇಶನಿಗೆ ಆ ಗಳಿಗೆಯಲ್ಲಿ ಮರೆತೇಹೋಗಿತ್ತು. ಅವನು ಕಣ್ಣು ಮುಚ್ಚಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ.

ಅವಳ ಬೆನ್ನ ಹಿಂದಿದ್ದದ್ದು ಮೇನ್ ಸ್ವಿಚ್ಚು. ಅನಿತ ಅದನ್ನು ಕೆಳಕ್ಕೆಳೆದಳು.

ಮಗ್ಗಗಳು ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ, “...ನೀನಿಲ್ದೆ ನಂಗಾಗಲ್ಲ ಅನಿತ, ಬಂದ್ಬಿಡು” ಎಂಬ ದನಿ ಶೆಡ್ಡು ದಾಟಿ, ಬೇವಿನ ಮರ ದಾಟಿ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದವರವರೆಗೂ ಹೋಯಿತು. ಸಣ್ಣ ದನಿ, ಒಡಕು ದನಿ. ಅಜ್ಜಿಯದಲ್ಲ, ಬ್ರೋಕರನದಲ್ಲ.

ಆಚೆ ಯಾರದೋ ಕೊಡ ಬಿದ್ದ ಸದ್ದಾಯಿತು.

“ಮೊದಲ್ನೇ ಸಲಾನೇ ತುಟಿ ನೋಡಿ ಗೊತ್ತಾಗಿತ್ತು,” ಎಂದಳು ಅನಿತ. “ನಂದು ಊರೆಲ್ಲಾ ಕೇಳ್ತಲ್ಲ. ನಿಂದೂ ಕೇಳ್ಲಿ ಅಂತ.” ಮಾತು ಮುಗಿಯುವ ಮೊದಲೇ ಅವಳ ಕಣ್ಣು ತುಂಬಿತು. ಕೆನ್ನೆಯ ಗುಳಿ ಮಾತ್ರ ಹಳೆಯ ಜಾಗಕ್ಕೇ ಬಂದು ಕೂತಿತ್ತು.

“ಇದಾ ಇವನ್ ದನಿ?” ಎಂದ ಲಕ್ಷ್ಮಣಪ್ಪ, ಎಳೆಗೆ ಗಂಟು ಹಾಕುತ್ತಲೇ. “ಎಳೆ ಒಸಿ ಸಣ್ಣ. ಆದ್ರೂ ನೇಯ್ಬೋದು ಬಿಡು.”

ಶೆಡ್ಡು ಗೊಳ್ಳೆಂದಿತು. ಅನಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವರೆಲ್ಲರ ನಗುವಿನ ಮೇಲೆ ಇನ್ನೊಂದು ನಗು ಎದ್ದಿತು. ಗೊರಗೊರ, ಹಂಗಿಲ್ಲದ್ದು, ಯಾವ ರೇಡಿಯೋವೂ ಹಾಕಲಾರದ್ದು. ಇದ್ಯಾರು ಹೀಗೆ ನಗುವವನು ಎಂದು ಚೌಡೇಶನೇ ಒಂದು ಕ್ಷಣ ಸುತ್ತ ತಿರುಗಿ ನೋಡಿದ. ಆಮೇಲೆ ಗೊತ್ತಾಗಿ, ಇನ್ನೂ ಜೋರಾಗಿ ನಕ್ಕ.