ಲಗ್ನಪತ್ರಿಕೆಯಲ್ಲಿ ಪಕ್ಕೀರಮ್ಮ

"ನಾನು ಬರ್ದಿದ್ದೆಲ್ಲಾ ಅಳಿಸ್ರಿ! ಈಗಿಂದೀಗ... ನನ್ನ ಕಣ್ಣೆದುರಿಗೇ!"

ಕೊಟ್ಟೂರಿನ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹುಲುಗೇಶ್ ತಲೆಯೆತ್ತಿದ. ಎದುರಿಗೊಬ್ಬ ಹುಡುಗಿ. ಕೈಯಲ್ಲಿ ಮೊಬೈಲು, ಮುಖದಲ್ಲಿ ಮೊಬೈಲಿಗಿಂತ ಹೆಚ್ಚು ಚಾರ್ಜು!

"ಯಾರ್ರಿ ತಾವು? ಜ್ವಾಳದ ಬೀಜ ಬೇಕಿತ್ತೇನ್ರಿ?"

"ನಾನು ಸಂಘಮಿತ್ರಾ. ಹಡಗಲಿ."

ಅವನ ಕೈಯಿಂದ ಪೆನ್ನು ಜಾರಿತು. ಇಷ್ಟು ದಿನ ಬರೀ ಅಕ್ಷರಗಳಲ್ಲಿ ಕಂಡವಳು... ಇವಳೇನಾ!

ಗಿರಾಕಿ ಇಲ್ಲದ ಹೊತ್ತಿನಲ್ಲಿ ತನ್ನ ವೆಬ್‌ಸೈಟನ್ನು ಕೆದಕುವುದು ಹುಲುಗೇಶನ ಹುಚ್ಚು. ಅಲ್ಲಿ ಎಲ್ಲವೂ ಅರ್ಧಂಬರ್ಧ. ಮಿರ್ಚಿ ಬಿಸಿ ಇದೆಯೋ ಆರಿದೆಯೋ ಎಂದು ಹೇಳುವ ಪುಟವೊಂದಿತ್ತು. ಅದು ವರ್ಷವಿಡೀ "ಬಿಸಿ" ಎನ್ನುತ್ತಿತ್ತು. ಒತ್ತಿದರೆ ಕೋಳಿ ಕೂಗುವ ಗುಂಡಿಯೊಂದಿತ್ತು. ಇಲ್ಲದ ಪುಟ ತೆರೆದರೆ, ಅವನೇ ಮಿಮಿಕ್ರಿ ಮಾಡಿದ ಮುದುಕಿಯೊಬ್ಬಳ ದನಿ ಗದರುತ್ತಿತ್ತು: "ಯಾಕ ಬಂದಿ? ಇಲ್ಲೇನೂ ಇಲ್ಲ. ಬಂದೀ ಅಂದಮ್ಯಾಲೆ ಉಂಡು ಹೋಗು!"

ಆ ದನಿ ಕೇಳಲೆಂದೇ ಸಂಘಮಿತ್ರಾ ಬೇಕಂತ ತಪ್ಪು ವಿಳಾಸ ಒತ್ತುತ್ತಿದ್ದಳು. ನಗುತ್ತಾ ಪುಟದ ಕೆಳಗೆ ನಾಲ್ಕು ಮಾತು ಬರೆಯುತ್ತಿದ್ದಳು. ಅವನು ಉತ್ತರಿಸುತ್ತಿದ್ದ. ಆ ಸೈಟಿಗೆ ಓದುಗರೆಂದರೆ ಅವಳೊಬ್ಬಳೇ. ಬಹುವಚನ ಬರೀ ಮರ್ಯಾದೆಗೆ!

ಬರೆಯುತ್ತ ಬರೆಯುತ್ತ ಅವಳ ಮನಸ್ಸು ಯಾವಾಗಲೋ ಕೊಟ್ಟೂರಿಗೆ ಬಂದು ಕೂತಿತ್ತು...

ನಿನ್ನೆ ನೋಡಿದರೆ ಮುಖಪುಟದಲ್ಲೇ ಕುಂಕುಮ ಬಣ್ಣದ ಲಗ್ನಪತ್ರಿಕೆ! "ಚಿ. ಹುಲುಗೇಶ್ ಜೊತೆ ಚಿ.ಸೌ. ಪಕ್ಕೀರಮ್ಮ."

'ನನಗೊಂದು ಮಾತೂ ಹೇಳಲಿಲ್ಲವಲ್ಲ...' ಎಂದು ಅವಳಿಗೆ ಸಿಟ್ಟು ಬಂದಿತ್ತು. ಸೈಟಿನಲ್ಲಿ ಅಂಗಡಿಯ ಹೆಸರಿತ್ತು. ಬೆಳಗಿನ ಬಸ್ಸು ಹತ್ತಿಯೇಬಿಟ್ಟಿದ್ದಳು. ಈಗ ಮೊಬೈಲಿನಲ್ಲಿ ಆ ಪತ್ರಿಕೆಯನ್ನೇ ತೆರೆದು ಅವನ ಮುಂದೆ ಹಿಡಿದಳು.

"ಅದು... ಪರೀಕ್ಷೆ ಮಾಡಾಕ ಹಾಕಿದ್ದು ರೀ..."

"ಮದಿವಿಗೂ ಪರೀಕ್ಷೆನಾ? ಪಾಸಾದ್ಲೇನು ಪಕ್ಕೀರಮ್ಮ?"

"ಅಯ್ಯೋ, ಪಕ್ಕೀರಮ್ಮ ಅಂದ್ರ ನಮ್ಮ..."

"ಆಗ್ಲೇ 'ನಮ್ಮ' ಆಗ್ಯಾಳ! ಅಳಿಸ್ರಿ ಅಂದ್ನೆಲ್ಲ!"

ಹುಲುಗೇಶ್ ಕಂಪ್ಯೂಟರಿನಲ್ಲಿ ಅವಳ ಮಾತುಗಳನ್ನೆಲ್ಲ ತೆರೆದ.

"ಅಳಿಸಿದ್ರ ವಾಪಸ್ ಬರಂಗಿಲ್ಲ ರೀ..."

"ನಾನೂ ಬರಂಗಿಲ್ಲ."

ಅವನು ಮೌಸಿನಿಂದ ಕೈ ತೆಗೆದ. 'ಇವು ಹೋದರೆ ಈ ಸೈಟಿನಲ್ಲಿ ಉಳಿಯುವುದು ಕೋಳಿ ಮಾತ್ರ...'

ಅಷ್ಟರಲ್ಲಿ ಬಾಗಿಲಲ್ಲಿ ಅವನ ಅಜ್ಜಿ!

"ಲೇ ಹುಲುಗ್ಯಾ, ಬುತ್ತಿ ಮರ್ತು ಬಂದಿಯಲ್ಲೋ! ಯವ್ವಾ, ಯಾರ ನೀನು? ಯಾಕ ಬಂದಿ? ಬಿಸಿಲಾಗ ಬಂದೀ ಅಂದಮ್ಯಾಲೆ ಉಂಡು ಹೋಗು!"

ಸಂಘಮಿತ್ರಾ ಗಕ್ಕನೆ ತಿರುಗಿದಳು. ಈ ದನಿ... ಅದೇ ದನಿ!

"ಅಜ್ಜೀ... ನಿಮ್ಮ ಹೆಸ್ರೇನ್ರಿ?"

"ಪಕ್ಕೀರಮ್ಮ. ಯಾಕವ್ವ, ರೇಷನ್ನಿಗೆ ಬರ್ಕಂತಿಯೇನು?"

ಹುಲುಗೇಶ್ ತಲೆ ಕೆರೆದುಕೊಂಡ. "ಲಗ್ನಪತ್ರಿಕಿ ಮಾಡಿಕೊಡೋ ಪುಟ ಕಟ್ಟಾಕತ್ತಿದ್ದೆ ರೀ. ಒತ್ತಕ್ಷರ ಸರಿ ಕೂಡ್ತಾವೇನು ನೋಡಾಕ ಅಜ್ಜಿ ಹೆಸ್ರು ಹಾಕ್ದೆ... ತೆಗಿಯೋದು ಮರ್ತೆ."

"ಅಯ್ಯ ನಿನ್ನ! ಈ ವಯಸ್ನಾಗ ನನಗ ಬಾಸಿಂಗ ಕಟ್ಟಿಯೇನ್ಲೇ? ಅದೂ ಬುತ್ತಿ ಮರಿಯೋ ಗಂಡಿನ ಜೋಡಿ!"

ಸಂಘಮಿತ್ರಾಗೆ ನಗು ಉಕ್ಕಿತು. ಬಾಯಿ ಮುಚ್ಚಿಕೊಳ್ಳಲು ದುಪಟ್ಟಾ ಹುಡುಕಿದಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು.

"ಒತ್ತಕ್ಷರ... ನನ್ನ ಹೆಸ್ರಾಗೂ ಐತೆಲ್ರಿ?"

ಅವನ ದನಿ ತಗ್ಗಿತು. "ಮೊದ್ಲು ಅದನ್ನ ಹಾಕಿದ್ದೆ. ಚಲೋ ಕೂಡ್ತು. ಬಾಳ ಹೊತ್ತು ನೋಡ್ಕೋತ ಕುಂತೆ... ಆದ್ರ ನಿಮ್ಮನ್ನ ಕೇಳದ ಹೆಂಗ ಇಡ್ಲಿ? ಹೆದರಿ ಅಳಿಸ್ದೆ."

ಅವಳ ಕಣ್ಣುಗಳು ಒದ್ದೆಯಾದವು. ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಒಂದೊಂದೇ ಅಕ್ಷರ ಒತ್ತಿದಳು. ಪತ್ರಿಕೆಯಿಂದ ಪಕ್ಕೀರಮ್ಮ ಹೋಗಿ ಸಂಘಮಿತ್ರಾ ಬಂದಳು.

"ಇದೂ ಪರೀಕ್ಷೆಗೇನ್ರಿ?" ಅವನು ಉಸಿರು ಬಿಗಿಹಿಡಿದು ಕೇಳಿದ.

"ಹ್ಞೂಂ..." ಅವಳು ಅಜ್ಜಿ ಬಿಚ್ಚಿದ ಬುತ್ತಿಯ ಮುಂದೆ ಕೂತು ನಕ್ಕಳು. "ಈ ಸಲನೂ ತೆಗಿಯೋದು ಮರ್ತುಬಿಡ್ರಿ."